ಆಡ್ವರ್ಬ್ ಗೊತ್ತು, ಅದರ ಜಾಗ ಗೊತ್ತಾ?

ಆಡ್ವರ್ಬ್ ಅಂದ ಕೂಡಲೇ ನಮ್ಮ ಮಕ್ಕಳು ಪಟ್ಟಿ ಬಾಯಿಪಾಠ ಮಾಡಲು ಕೂರುತ್ತಾರೆ. ಸ್ಲೋಲಿ, ಕ್ವಿಕ್ಲಿ, ಹ್ಯಾಪಿಲಿ. ಪರೀಕ್ಷೆಯಲ್ಲಿ ಕ್ರಿಯಾವಿಶೇಷಣಕ್ಕೆ ಅಡಿಗೆರೆ ಹಾಕಲು ಅಷ್ಟು ಸಾಕು. ನಾಲ್ಕು ವಾಕ್ಯ ಮಾತಾಡಲು ಸಾಲದು. ಮಡಿಕೇರಿಯಲ್ಲಿ ಪಿಯು ಮಕ್ಕಳಿಗೂ, ಸಂಜೆ ಹೊತ್ತು ಹೋಮ್‌ಸ್ಟೇ ನಡೆಸುವವರಿಗೂ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಇಬ್ಬರಲ್ಲೂ ಕಾಣುವ ತೊಡಕು ಒಂದೇ. ಪದ ಗೊತ್ತಿರುತ್ತದೆ, ಅದನ್ನು ಎಲ್ಲಿ ಇಡಬೇಕು ಅನ್ನುವುದು ಗೊತ್ತಿರುವುದಿಲ್ಲ.

ಇದಕ್ಕೆ ಕಾರಣ ಮನೆಮಾತಿನಲ್ಲೇ ಇದೆ. ನನ್ನ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಮಾತಾಡುವವರೂ ಇರುತ್ತಾರೆ. ಎಲ್ಲವೂ ದ್ರಾವಿಡ ನುಡಿಗಳು. ಎಲ್ಲದರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ.

'ಅವನು ನಿನ್ನೆ ತೋಟದಲ್ಲಿ ಕಷ್ಟಪಟ್ಟು ದುಡಿದ' ಎನ್ನುತ್ತೇವೆ. ಮೊದಲು ಯಾವಾಗ, ಆಮೇಲೆ ಎಲ್ಲಿ, ಆಮೇಲೆ ಹೇಗೆ, ಕಡೆಗೆ ಕ್ರಿಯೆ. ಇಂಗ್ಲಿಷಿನಲ್ಲಿ 'ಹಿ ವರ್ಕ್ಡ್ ಹಾರ್ಡ್ ಇನ್ ದಿ ಎಸ್ಟೇಟ್ ಯೆಸ್ಟರ್‌ಡೇ'. ಕ್ರಿಯೆ ಮೊದಲು, ನಂತರ ಹೇಗೆ, ಎಲ್ಲಿ, ಯಾವಾಗ. ಪೂರ್ತಿ ತಿರುಗುಮುರುಗು, ಅಲ್ವಾ? ಆದರೆ ಇನ್ನೊಮ್ಮೆ ನೋಡಿ. ಎರಡರಲ್ಲೂ 'ಹೇಗೆ' ಅನ್ನುವುದು ಕ್ರಿಯೆಗೆ ಅಂಟಿಕೊಂಡಿದೆ, 'ಯಾವಾಗ' ಅನ್ನುವುದು ದೂರ ನಿಂತಿದೆ. ಇದನ್ನು ಹೇಳಿಕೊಟ್ಟರೆ ಮಕ್ಕಳಿಗೆ ಅರ್ಧ ಹೆದರಿಕೆ ಹೋಗುತ್ತದೆ. ಯೆಸ್ಟರ್‌ಡೇ, ಟುಮಾರೋ ಇಂಥವು ವಾಕ್ಯದ ಮೊದಲಿಗೂ ಬರಬಹುದು, ಅದೂ ಸರಿ.

ಕರ್ಮಪದ ಬಂದಾಗ ಮಾತ್ರ ಎಚ್ಚರ ಬೇಕು. 'ಇಂಗ್ಲಿಷನ್ನು ಚೆನ್ನಾಗಿ ಮಾತಾಡುತ್ತಾಳೆ' ಅನ್ನಿ, 'ಚೆನ್ನಾಗಿ ಇಂಗ್ಲಿಷನ್ನು ಮಾತಾಡುತ್ತಾಳೆ' ಅನ್ನಿ, ನಮಗೆ ಅರ್ಥ ಕೆಡುವುದಿಲ್ಲ. 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ಕಾಪಾಡುತ್ತದೆ. ಇಂಗ್ಲಿಷಿಗೆ ಆ ಆಸರೆ ಇಲ್ಲ. ಕ್ರಿಯೆ ಆದ ಕೂಡಲೇ ಬಂದದ್ದು ಕರ್ಮ ಎಂದು ಅದು ಜಾಗ ನೋಡಿಯೇ ಗುರುತಿಸುತ್ತದೆ. ಅದಕ್ಕೇ ಆ ಎರಡರ ನಡುವೆ ಆಡ್ವರ್ಬ್ ಸಾಮಾನ್ಯವಾಗಿ ನುಗ್ಗುವಂತಿಲ್ಲ. 'ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್' ತಪ್ಪು, 'ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್' ಸರಿ. 'ಐ ಲೈಕ್ ವೆರಿ ಮಚ್ ಕಡುಬು' ಅಲ್ಲ, 'ಐ ಲೈಕ್ ಕಡುಬು ವೆರಿ ಮಚ್'.

ಆಲ್ವೇಸ್, ಆಫನ್, ಯೂಷುವಲಿ ಮುಂತಾದವು ಕ್ರಿಯೆಗಿಂತ ಮುಂಚೆ ಬರುತ್ತವೆ, ಆದರೆ ಆಮ್, ಈಸ್, ಆರ್, ವಾಸ್, ವರ್ ಇದ್ದರೆ ಅದರ ನಂತರ. 'ಹಿ ಆಲ್ವೇಸ್ ಕಮ್ಸ್ ಅರ್ಲಿ', 'ಹಿ ಈಸ್ ಆಲ್ವೇಸ್ ಅರ್ಲಿ'. ದಿನಾ ಬಳಸಿದರೆ ಇದು ತಾನಾಗೇ ಬರುತ್ತದೆ. 'ನೆವರ್' ಕೂಡ ಇದೇ ಗುಂಪಿನದು. ಆದರೆ ಅದರದ್ದು ಬೇರೆ ತಕರಾರು. ನಾವು 'ಎಂದೂ' ಅಂದರೆ ಕೊನೆಗೆ 'ಇಲ್ಲ' ಹೇಳಲೇಬೇಕು: 'ನಾನು ಎಂದೂ ಕೊಡೆ ಮರೆತಿಲ್ಲ.' ಆ ಅಭ್ಯಾಸದಲ್ಲಿ 'ಐ ನೆವರ್ ಡಿಡ್ ನಾಟ್ ಫರ್ಗೆಟ್' ಅನ್ನುತ್ತಾರೆ. ನೆವರ್ ಒಳಗೇ ಇಲ್ಲ ಅನ್ನುವುದು ಸೇರಿಕೊಂಡಿದೆ. ಇನ್ನೊಂದು ನಾಟ್ ಹಾಕಿದರೆ ಸದಾ ಮರೆಯುತ್ತಿದ್ದೆ ಎಂದಾಗುತ್ತದೆ.

ಎಲ್‌ವೈ ಸೇರಿಸಿದರೆ ಆಡ್ವರ್ಬ್ ಆಯಿತು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಬಹಳ ಕಡೆ ನಡೆಯುತ್ತದೆ, ಎಲ್ಲ ಕಡೆ ಅಲ್ಲ. ಫಾಸ್ಟ್‌ಗೆ ಎಲ್‌ವೈ ಹತ್ತುವುದೇ ಇಲ್ಲ. ಫ್ರೆಂಡ್ಲಿ ಎಲ್‌ವೈಯಲ್ಲಿ ಮುಗಿದರೂ ಗುಣವಾಚಕ. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹಾರ್ಡ್. ಮಳೆಗಾಲದ ಬಗ್ಗೆ ಬರೆಯಲು ಹೇಳಿದಾಗ ಒಬ್ಬಳು ಹುಡುಗಿ 'ಇಟ್ ಹಾರ್ಡ್ಲಿ ರೇನ್ಸ್ ಇನ್ ಭಾಗಮಂಡಲ ಇನ್ ಜುಲೈ' ಎಂದು ಬರೆದಿದ್ದಳು. ಜೋರು ಮಳೆ ಅನ್ನುವುದು ಅವಳ ಮನಸ್ಸಿನಲ್ಲಿ. ಓದಿದರೆ ಜುಲೈಯಲ್ಲಿ ಅಲ್ಲಿ ಮಳೆಯೇ ಇಲ್ಲ ಅನ್ನುವಷ್ಟು ಕಮ್ಮಿ ಎಂದಾಯಿತು. ತ್ರಿವೇಣಿ ಸಂಗಮ ಉಕ್ಕಿ ರಸ್ತೆಗೆ ಬರುವ ತಿಂಗಳದು!

"ಮಿಸ್, ಹಾರ್ಡ್‌ಗೆ ಎಲ್‌ವೈ ಹಾಕಿದ್ದೇನಲ್ಲ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಹಾರ್ಡ್ ಹಾಗೆಯೇ ನಿಂತು ಆಡ್ವರ್ಬ್ ಆಗುತ್ತದೆ: 'ಇಟ್ ರೇನ್ಸ್ ಹಾರ್ಡ್.' ಹೆವಿಲಿ ಅಂದರೂ ಆದೀತು. ಹಾರ್ಡ್ಲಿ ಬೇರೆಯೇ ಪದ, ಅದರ ಅರ್ಥ 'ಇಲ್ಲವೇ ಇಲ್ಲ ಅನ್ನುವಷ್ಟು'. ಕಾಫಿ ಕುಯ್ಲಿನಲ್ಲಿ ಬೆವರು ಸುರಿಸಿದವರ ಬಗ್ಗೆ 'ದೇ ಹಾರ್ಡ್ಲಿ ವರ್ಕ್ಡ್' ಎಂದು ಬರೆದರೆ ಅವರಿಗೆ ಅನ್ಯಾಯವಾಗುತ್ತದೆ. ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ಇವನ್ನು ಮಾತ್ರ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ನಮ್ಮ 'ಚೆನ್ನಾಗಿ' ಎರಡು ಕೆಲಸ ಮಾಡುತ್ತದೆ. ಚೆನ್ನಾಗಿ ಹಾಡುತ್ತಾಳೆ, ಕಾಫಿ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಮೊದಲನೆಯದು ವೆಲ್, ಎರಡನೆಯದು ಗುಡ್. ಈಸ್, ಸ್ಮೆಲ್, ಟೇಸ್ಟ್, ಲುಕ್ ಇವು ವಸ್ತು ಹೇಗಿದೆ ಎಂದು ಹೇಳುವಾಗ ಆ 'ಹೇಗಿದೆ'ಗೆ ಆಡ್ವರ್ಬ್ ಅಲ್ಲ, ಗುಣವಾಚಕ ಬರುತ್ತದೆ. 'ದಿ ಕಾಫಿ ಸ್ಮೆಲ್ಸ್ ಗುಡ್.'

ಹೋಮ್‌ಸ್ಟೇಯವರಿಗೆ ನಾನು ತುಂಬಾ ಹೊತ್ತು ಹೇಳಿಕೊಡುವುದು ಓನ್ಲಿ. 'ವಿ ಸರ್ವ್ ಲಂಚ್ ಓನ್ಲಿ ಆನ್ ಸಂಡೇಸ್' ಅಂದರೆ ಭಾನುವಾರ ಮಾತ್ರ ಊಟ. 'ವಿ ಸರ್ವ್ ಓನ್ಲಿ ಲಂಚ್ ಆನ್ ಸಂಡೇಸ್' ಅಂದರೆ ಭಾನುವಾರ ಊಟ ಮಾತ್ರ, ಬೆಳಗಿನ ತಿಂಡಿ ಸಿಗದು. 'ಓನ್ಲಿ ವಿ ಸರ್ವ್ ಲಂಚ್ ಆನ್ ಸಂಡೇಸ್' ಅಂದರೆ ಸುತ್ತಮುತ್ತ ನಾವು ಮಾತ್ರ ಕೊಡುವುದು. ನಮ್ಮ 'ಮಾತ್ರ' ತನ್ನ ಪದ ಆದ ಮೇಲೆ ಬರುತ್ತದೆ. ಓನ್ಲಿಯನ್ನು ಅದರ ಪದಕ್ಕಿಂತ ಮುಂಚೆ ಇಡಿ. ಮಾತಿನಲ್ಲಿ ಜಾಗ ಸ್ವಲ್ಪ ಆಚೀಚೆ ಆದರೂ ದನಿಯಿಂದ ತಿಳಿಯುತ್ತದೆ. ಹೋಮ್‌ಸ್ಟೇ ಬೋರ್ಡಿನಲ್ಲಿ ಬರೆದದ್ದಕ್ಕೆ ದನಿ ಇಲ್ಲವಲ್ಲ.

'ಇವತ್ತೇ ಬರುತ್ತೇನೆ' ಅನ್ನಲು ಹೋಗಿ 'ಟುಡೇ ಓನ್ಲಿ ಐ ವಿಲ್ ಕಮ್' ಎನ್ನುವವರು ನಮ್ಮಲ್ಲಿ ಬಹಳ. ನಾವು ನಾವು ಮಾತಾಡುವಾಗ ಅರ್ಥವಾಗುತ್ತದೆ. ಹೊರದೇಶದ ಅತಿಥಿಗೆ ಮಾತ್ರ, ಇವತ್ತೊಂದು ದಿನ ಬಂದು ನಾಳೆಯಿಂದ ಬರುವುದಿಲ್ಲ ಎಂದು ಕೇಳಿಸುತ್ತದೆ. ಅವರ ಹತ್ತಿರ 'ಐ ವಿಲ್ ಕಮ್ ಟುಡೇ' ಅನ್ನಿ. ಒತ್ತು ಬೇಕಾದರೆ ಟುಡೇ ಮೇಲೆ ದನಿ ಏರಿಸಿ, ಅಷ್ಟು ಸಾಕು.