162 ಪಂದ್ಯ! ಇಷ್ಟನ್ನೂ ನೋಡುವುದು ಹೇಗೆ?

ಓದುಗರ ಪ್ರಶ್ನೆ: ಮಗಳ ಮನೆಗೆಂದು ಸಿಯಾಟಲ್‌ಗೆ ಹೋಗಿದ್ದಾಗ ಮ್ಯಾರಿನರ್ಸ್ ತಂಡದ ಒಂದು ಬೇಸ್‌ಬಾಲ್ ಪಂದ್ಯ ನೋಡಿದೆ. ತುಂಬಾ ಇಷ್ಟವಾಯಿತು. ಮೈಸೂರಿಗೆ ವಾಪಸ್ ಬಂದ ಮೇಲೂ ಆ ತಂಡವನ್ನು ಫಾಲೋ ಮಾಡೋಣ ಅಂದರೆ ಸೀಸನ್ನಿಗೆ 162 ಪಂದ್ಯವಂತೆ! ಐಪಿಎಲ್‌ನ 14 ಲೀಗ್ ಪಂದ್ಯಗಳೇ ಜಾಸ್ತಿ ಅನಿಸುವ ನಮ್ಮಂಥವರು ಇದನ್ನು ಹೇಗೆ ನೋಡುವುದು? ಬೇಜಾರಾಗುವುದಿಲ್ಲವೇ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. 162 ಪಂದ್ಯಗಳನ್ನೂ ಕೂತು ನೋಡುವವರು ಸಿಯಾಟಲ್‌ನಲ್ಲೂ ಕಡಿಮೆ. ಇಲ್ಲೇ ಇರುವ ನಾನಂತೂ ನೋಡುವುದಿಲ್ಲ. ಆದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ತಂಡ ಇವತ್ತು ಏನು ಮಾಡಿತು ಅಂತ ಗೊತ್ತಿಲ್ಲದೆ ಮಲಗಿದ ರಾತ್ರಿ ಅಪರೂಪ.

ಐಪಿಎಲ್ ಪಂದ್ಯ ಮದುವೆ ಊಟದ ಹಾಗೆ. ಎಲೆ ಮುಂದೆ ಕೂತ ಮೇಲೆ ಒಂದು ಬಗೆಯನ್ನೂ ಬಿಡಲು ಮನಸ್ಸಾಗುವುದಿಲ್ಲ. ಬೇಸ್‌ಬಾಲ್ ಪಂದ್ಯ ಮನೆಯ ಅನ್ನ ಸಾರು. ಹೆಚ್ಚುಕಡಿಮೆ ದಿನಾ ಇರುತ್ತದೆ, ಒಂದು ದಿನ ತಪ್ಪಿದರೆ ನಾಳೆ ಮತ್ತೆ ಇದೆ. ಆರು ತಿಂಗಳಲ್ಲಿ 81 ಪಂದ್ಯ ತವರಿನಲ್ಲಿ, 81 ಹೊರಗೆ. ಹೀಗಿರುವಾಗ ಪ್ರತಿ ಸೋಲಿಗೂ ತಲೆ ಮೇಲೆ ಕೈ ಹೊತ್ತು ಕೂತರೆ ಏಪ್ರಿಲ್ ಮುಗಿಯುವಷ್ಟರಲ್ಲಿ ಸುಸ್ತಾಗುತ್ತೀರಿ. ಮ್ಯಾರಿನರ್ಸ್ 2001ರಲ್ಲಿ 116 ಪಂದ್ಯ ಗೆದ್ದು, 1906ರ ಚಿಕಾಗೊ ಕಬ್ಸ್ ದಾಖಲೆಗೆ ಸಮ ನಿಂತರು. ಆ ವರ್ಷವೂ 46 ಸಲ ಸೋತಿದ್ದರು. ಅತ್ತ 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತಿತು. ಅಂಥ ತಂಡವೂ 41 ಸಲ ಗೆದ್ದಿತ್ತು. ಎಲ್ಲರೂ 54 ಗೆಲ್ಲುತ್ತಾರೆ, ಎಲ್ಲರೂ 54 ಸೋಲುತ್ತಾರೆ, ಉಳಿದ 54ರಲ್ಲಿ ಏನು ಮಾಡುತ್ತೀರಿ ಅನ್ನುವುದೇ ಸೀಸನ್ ಅಂತ ಬೇಸ್‌ಬಾಲ್ ಮಂದಿ ಹೇಳುವುದುಂಟು. ಈ ಲೆಕ್ಕ ತಲೆಗೆ ಹತ್ತಿದ ದಿನ ನನಗೆ ಈ ಆಟ ನಿಜವಾಗಿ ಹಿಡಿಸಿತು.

ನನ್ನ ಮಟ್ಟಿಗೆ ಸೀಸನ್ ನಡೆಯುವುದು ಜಾಸ್ತಿ ರೇಡಿಯೊದಲ್ಲಿ. ಮ್ಯಾರಿನರ್ಸ್ ಪೂರ್ವ ಕರಾವಳಿಯ ಊರುಗಳಿಗೆ ಹೋದಾಗ ಪಂದ್ಯ ಇಲ್ಲಿನ ಸಂಜೆ ನಾಲ್ಕರ ಸುಮಾರಿಗೇ ಶುರುವಾಗುತ್ತದೆ. ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿ ಪಂದ್ಯದ ಒಂಬತ್ತು ಇನಿಂಗ್ಸ್‌ನಲ್ಲಿ ಮೂರ್ನಾಲ್ಕನ್ನು ಕೇಳಿಸಿಕೊಳ್ಳುತ್ತೇನೆ. ತವರಿನ ಪಂದ್ಯವಾದರೆ ರಾತ್ರಿ ಅಡುಗೆ ಹೊತ್ತಿಗೆ. ಬೇಳೆ ಬೇಯುತ್ತಿರುತ್ತದೆ, ಪಕ್ಕದಲ್ಲಿ ಕಾಮೆಂಟರಿ ಸಣ್ಣಗೆ ಓಡುತ್ತಿರುತ್ತದೆ. ಎರಡು ಎಸೆತದ ನಡುವೆ ಮೈದಾನದ ಗುಜುಗುಜು ಮಾತ್ರ. ಇದ್ದಕ್ಕಿದ್ದಂತೆ ಜನರ ಸದ್ದು ಏರುತ್ತದೆ, ನನ್ನ ಕೈಯಲ್ಲಿನ ಸೌಟು ಅಲ್ಲೇ ನಿಲ್ಲುತ್ತದೆ. ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಟೆಸ್ಟ್ ಮ್ಯಾಚ್ ಕೇಳಿದವರಿಗೆ ಈ ಸುಖ ಹೊಸದಲ್ಲ, ಅಲ್ವಾ?

ಇವತ್ತಿನ ಪಂದ್ಯ ಕೇಳಬೇಕೋ ಬೇಡವೋ ಅಂತ ನಿರ್ಧರಿಸುವುದಕ್ಕೆ ನಾನು ನೋಡುವುದು ಒಂದೇ ಹೆಸರು: ಮೊದಲು ಎಸೆಯುವ ಪಿಚರ್ ಯಾರು? ಪ್ರತಿ ತಂಡದಲ್ಲೂ ಸಾಮಾನ್ಯವಾಗಿ ಐದು ಜನ ಸ್ಟಾರ್ಟರ್‌ಗಳು ಸರದಿಯಲ್ಲಿ ಬರುತ್ತಾರೆ. ಒಬ್ಬನ ಸರದಿ ಐದಾರು ದಿನಕ್ಕೊಮ್ಮೆ. ಒಬ್ಬರನ್ನು ನಿಮ್ಮವರನ್ನಾಗಿ ಮಾಡಿಕೊಳ್ಳಿ. ಆಗ 162 ಪಂದ್ಯ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಸಿಯಾಟಲ್ ಜನ ವರ್ಷಗಟ್ಟಲೆ ಬದುಕಿದ್ದೇ ಹೀಗೆ. ಫೆಲಿಕ್ಸ್ ಹೆರ್ನಾಂಡೆಸ್ ಎಸೆಯುವ ದಿನ ಒಂದು ಮೂಲೆಯ ಸೀಟುಗಳೆಲ್ಲ ಹಳದಿ ಟೀ ಶರ್ಟಿನಿಂದ ತುಂಬುತ್ತಿದ್ದವು. ತಂಡ ಎಷ್ಟೇ ಕೆಳಗಿದ್ದರೂ ಆ ದಿನ ಹಬ್ಬ. 2012ರ ಆಗಸ್ಟ್ 15ರ ಮಧ್ಯಾಹ್ನ ಅವರು ಟ್ಯಾಂಪಾ ಬೇ ತಂಡದ 27 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದರು, ರನ್ನಿಗಾಗಿ ಸುತ್ತಬೇಕಾದ ನಾಲ್ಕು ಬೇಸ್‌ಗಳಲ್ಲಿ ಒಂದನ್ನೂ ಒಬ್ಬನೂ ಮುಟ್ಟಲಿಲ್ಲ. ಗೆದ್ದಿದ್ದು 1-0ಯಿಂದ. ಇಂಥ ಪಿಚರ್ 2005ರಿಂದ 2019ರವರೆಗೆ ಇಲ್ಲೇ ಆಡಿಯೂ ಒಂದೇ ಒಂದು ಪ್ಲೇಆಫ್ ಪಂದ್ಯ ಕಾಣಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಪಾಯಿಂಟ್ಸ್ ಟೇಬಲ್ ಓದುವುದು ಸುಲಭ. ಇಲ್ಲಿ ಪಾಯಿಂಟ್ ಇಲ್ಲ, ಗೆಲುವು ಸೋಲು ಮಾತ್ರ. ಜೊತೆಗೆ 'ಎಷ್ಟು ಪಂದ್ಯ ಹಿಂದೆ' ಅನ್ನುವ ಒಂದು ಕಾಲಂ. ಮೇಲಿನ ತಂಡ 60 ಗೆದ್ದು 40 ಸೋತಿದೆ, ನಮ್ಮದು 57 ಗೆದ್ದು 43 ಸೋತಿದೆ ಅಂದುಕೊಳ್ಳಿ. ಗೆಲುವಿನಲ್ಲಿ 3 ಕಡಿಮೆ, ಸೋಲಿನಲ್ಲಿ 3 ಜಾಸ್ತಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 3. ಅಂದರೆ ನಾವು 3 ಪಂದ್ಯ ಹಿಂದಿದ್ದೇವೆ. ಜುಲೈವರೆಗೆ ವಾರಕ್ಕೊಮ್ಮೆ ನೋಡಿದರೆ ಸಾಕು. ಆಗಸ್ಟ್ ಬಂದ ಮೇಲೆ ನೀವೇ ದಿನಾ ನೋಡಲು ಶುರುಮಾಡುತ್ತೀರಿ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇರುವುದು ಎರಡು ಲೀಗ್, ಪ್ಲೇಆಫ್‌ಗೆ ಒಂದೊಂದರಿಂದ ಆರು ತಂಡ.

ಮೈದಾನಕ್ಕೆ ಹೋದಾಗ ಮಾತ್ರ ನನಗೊಂದು ಅಭ್ಯಾಸವಿದೆ. ಒಂದು ಸ್ಕೋರ್ ಕಾರ್ಡ್, ಒಂದು ಪೆನ್ಸಿಲ್. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರ್ ಇದೆ. ಪಿಚರ್ 1, ವಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3 ಅಂತ ಬರೆಯುತ್ತೇವೆ, ಅಷ್ಟೇ. ಬ್ಯಾಟರ್ ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ ಅಥವಾ ಬೀಸಬೇಕಿದ್ದ ಎಸೆತಕ್ಕೆ) ಔಟಾದರೆ, ಅಂದರೆ ಸ್ಟ್ರೈಕ್‌ಔಟ್ ಆದರೆ, ಇಂಗ್ಲಿಷಿನ ಕೆ ಅಕ್ಷರ. ಬ್ಯಾಟರ್ ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸದೆ ಸುಮ್ನೆ ನಿಂತಿದ್ದರೆ ಅದೇ ಕೆ ಅಕ್ಷರ ತಿರುಗುಮುರುಗು. ಪ್ರತಿ ಚೌಕದಲ್ಲೂ ಒಂದು ಪುಟ್ಟ ವಜ್ರಾಕಾರ ಇರುತ್ತದೆ. ಓಡಿದವನು ಬೇಸ್‌ಗಳನ್ನು ಸುತ್ತಿ ಬ್ಯಾಟರ್ ನಿಲ್ಲುವ ಜಾಗ, ಅಂದರೆ ಮನೆ, ಮುಟ್ಟಿ ರನ್ ಗಳಿಸಿದರೆ ಅದನ್ನು ಪೆನ್ಸಿಲ್‌ನಿಂದ ಪೂರ್ತಿ ತುಂಬುತ್ತೇವೆ. ಆಟ ನಿಧಾನ ಅಂತ ದೂರುವವರಿಗೆ ಒಮ್ಮೆ ಈ ಪೆನ್ಸಿಲ್ ಕೊಟ್ಟು ನೋಡಿ. ತಲೆ ಎತ್ತಲು ಪುರುಸೊತ್ತು ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು ಅಂತ ಕೇಳಬಹುದು. ಮ್ಯಾರಿನರ್ಸ್ ಹುಟ್ಟಿದ್ದು 1977ರಲ್ಲಿ. ಎರಡು ಲೀಗ್‌ಗಳ ವಿಜೇತರು ಆಡುವ ಫೈನಲ್ ಆದ ವರ್ಲ್ಡ್ ಸೀರೀಸ್ ಗೆಲ್ಲುವುದಿರಲಿ, ಇವತ್ತಿನವರೆಗೆ ಅಲ್ಲಿ ಆಡಿಯೇ ಇಲ್ಲದ ಏಕೈಕ ಮೇಜರ್ ಲೀಗ್ ತಂಡ ಇದು. 2001ರ ನಂತರ 21 ವರ್ಷ ಪ್ಲೇಆಫ್ ಕೂಡ ಕಂಡಿರಲಿಲ್ಲ. 2022ರ ಸೆಪ್ಟೆಂಬರ್ 30ರ ರಾತ್ರಿ ಓಕ್ಲೆಂಡ್ ಮೇಲೆ 1-1 ಸಮ, ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಬದಲಿ ಬ್ಯಾಟರ್ ಆಗಿ ಬಂದ ಕ್ಯಾಚರ್ ಕ್ಯಾಲ್ ರಾಲಿ ಹೋಮ್ ರನ್ ಹೊಡೆದರು, ನಮ್ಮ ಸಿಕ್ಸರ್ ಹಾಗೆ ಚೆಂಡು ಬೇಲಿ ದಾಟಿತು. 21 ವರ್ಷ ಅಲ್ಲಿಗೆ ಮುಗಿಯಿತು. ಅಪ್ಪಂದಿರು ಮಕ್ಕಳನ್ನು ತಬ್ಬಿಕೊಂಡು ಅಳುತ್ತಿದ್ದರು. ಆ ಮಕ್ಕಳಲ್ಲಿ ಎಷ್ಟೋ ಜನ ಹಿಂದಿನ ಪ್ಲೇಆಫ್ ಹೊತ್ತಿಗೆ ಹುಟ್ಟಿರಲೇ ಇಲ್ಲ.

2025 ಇನ್ನೂ ದೊಡ್ಡ ವರ್ಷ. ಅದೇ ರಾಲಿ ಆ ಸೀಸನ್ನಿನಲ್ಲಿ 60 ಹೋಮ್ ರನ್ ಹೊಡೆದರು. ಕ್ಯಾಚರ್ ಒಬ್ಬರು 60 ಮುಟ್ಟಿದ್ದು ಅದೇ ಮೊದಲು. 60ನೆಯದು ಬಂದ ರಾತ್ರಿಯೇ ತಂಡ ಲೀಗಿನ ತನ್ನ ವಿಭಾಗದಲ್ಲಿ ಮೊದಲ ಸ್ಥಾನವನ್ನೂ ಗೆದ್ದಿತು. ಅಕ್ಟೋಬರ್ 10ರಂದು ಡೆಟ್ರಾಯಿಟ್ ಮೇಲೆ ಒಂಬತ್ತರಲ್ಲಿ ಸಮವಾಗಿ, 15 ಇನಿಂಗ್ಸ್ ಆಡಿ 3-2ರಲ್ಲಿ ಗೆದ್ದರು. ಅಲ್ಲಿಂದ ಟೊರಾಂಟೊ ಜೊತೆ ಏಳು ಪಂದ್ಯಗಳ ಸರಣಿ, ಗೆದ್ದವರಿಗೆ ವರ್ಲ್ಡ್ ಸೀರೀಸ್. ಅಕ್ಟೋಬರ್ 20, ಏಳನೇ ಪಂದ್ಯ, ಏಳನೇ ಇನಿಂಗ್ಸ್, ನಾವು 3-1 ಮುಂದೆ. ಇನ್ನು ಎಂಟೇ ಎಂಟು ಔಟ್ ಬೇಕಿತ್ತು. ಜಾರ್ಜ್ ಸ್ಪ್ರಿಂಗರ್ ಒಂದೇ ಏಟಿಗೆ ಮೂರು ರನ್ ತಂದರು. ಕೊನೆಗೆ 4-3ರಲ್ಲಿ ಸೋತೆವು. ರೇಡಿಯೊ ಆರಿಸಿ ನಾನು ಅಡುಗೆಮನೆಯಲ್ಲೇ ತುಂಬಾ ಹೊತ್ತು ನಿಂತಿದ್ದೆ. ಆ ಆರು ತಿಂಗಳಲ್ಲಿ ಕೇಳಿದ ಒಂದೊಂದು ಮಂಗಳವಾರದ ಪಂದ್ಯವೂ ಆ ರಾತ್ರಿ ನನ್ನ ಜೊತೆ ಇತ್ತು. ಬರೀ ಕೊನೆಯ ಪಂದ್ಯ ನೋಡಿದವರಿಗೆ ಈ ನೋವೂ ಸಿಗುವುದಿಲ್ಲ, ಈ ಪ್ರೀತಿಯೂ ಸಿಗುವುದಿಲ್ಲ. 18ನೇ ಸೀಸನ್ನಿನವರೆಗೆ ಆರ್‌ಸಿಬಿ ಕಪ್ಪಿಗಾಗಿ ಕಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮೈಸೂರಿನ ಗಡಿಯಾರದ ವಿಷಯ. ಇದರಲ್ಲಿ ನೀವು ಅದೃಷ್ಟವಂತರು. ಸಿಯಾಟಲ್‌ನಲ್ಲಿ ಸಂಜೆ 6:40 ಅಂದರೆ ನಿಮಗೆ ಮರುದಿನ ಬೆಳಿಗ್ಗೆ 7:10. ಕಾಫಿ ಲೋಟ ಹಿಡಿದು ಕೂತರೆ ಮೊದಲ ಎಸೆತ, ಹತ್ತು ಗಂಟೆ ಹೊತ್ತಿಗೆ ಸಾಮಾನ್ಯವಾಗಿ ಆಟ ಮುಗಿದಿರುತ್ತದೆ. 2023ರಲ್ಲಿ ಪಿಚರ್‌ಗಳು ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಅಂತ ಗಡಿಯಾರ ಇಟ್ಟ ಮೇಲೆ ಪಂದ್ಯಗಳು ಬೇಗ ಮುಗಿಯುತ್ತಿವೆ. ಪೂರ್ವದ ಊರುಗಳ ಪಂದ್ಯಗಳನ್ನು ಬಿಟ್ಟುಬಿಡಿ, ಬೆಳಗಿನ ಜಾವ ನಾಲ್ಕೂವರೆಗೆ ಏಳುವ ಕಷ್ಟ ಬೇಡ. ಎದ್ದ ಮೇಲೆ ಸ್ಕೋರ್ ನೋಡಿದರಾಯಿತು.

ಮುಂದಿನ ಸಲ ಮಗಳ ಮನೆಗೆ ಬಂದಾಗ ಮೈದಾನದ ಸೆಂಟರ್ ಫೀಲ್ಡ್ ಕಡೆ ಹೋಗಿ. 1977ರಿಂದ 2010ರವರೆಗೆ ಈ ತಂಡದ ದನಿಯಾಗಿದ್ದ ಕಾಮೆಂಟೇಟರ್ ಡೇವ್ ನೀಹೌಸ್ ಅವರ ಕಂಚಿನ ಪ್ರತಿಮೆ ಅಲ್ಲಿದೆ. ಮೈಕಿನ ಮುಂದೆ ಕೂತಿದ್ದಾರೆ, ಪಕ್ಕದ ಸೀಟು ನಿಮಗೆಂದೇ ಖಾಲಿ. ಅವರ ಮುಂದೆ ಸ್ಕೋರ್ ಪುಸ್ತಕ ತೆರೆದಿದೆ. ಅದು 1995ರ ಅಕ್ಟೋಬರ್ 8ರ ಪುಟ. ಯಾಂಕೀಸ್ ಮೇಲೆ 11ನೇ ಇನಿಂಗ್ಸ್‌ನಲ್ಲಿ 5-4 ಹಿಂದಿದ್ದಾಗ ಎಡ್ಗರ್ ಮಾರ್ಟಿನೆಸ್ ಹೊಡೆದ ಡಬಲ್‌ಗೆ (ಹೊಡೆದವನು ಎರಡನೇ ಬೇಸ್ ತಲುಪುವ ಹೊಡೆತ) ಇಬ್ಬರು ಮನೆ ಮುಟ್ಟಿ ಗೆದ್ದ ಪಂದ್ಯ. ಪೆನ್ಸಿಲ್ ಗುರುತುಗಳು ಈಗ ನಿಮಗೂ ಗೊತ್ತಲ್ಲ, ಅವರ ಪಕ್ಕ ಕೂತು ಆ ಪುಟ ಓದಿ.