ಬ್ಯಾಂಕು ಬಾಗಿಲು ಹಾಕಿದರೆ ಠೇವಣಿ ಕೈಸೇರಲು ಎಷ್ಟು ದಿನ?

2020ರ ಜನವರಿ 10, ಶುಕ್ರವಾರ. ಅಂದು ಸಂಜೆ ವ್ಯವಹಾರ ಮುಗಿದ ಹೊತ್ತಿಗೆ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಜಾರಿಗೆ ಬಂತು. ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ. ಮೂರು ವರ್ಷದ ನಂತರ, 2023ರ ಮಾರ್ಚ್ 10ರಂದು, ಅದೂ ಶುಕ್ರವಾರವೇ, ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿತು. ಅಲ್ಲಿ ಖಾತೆ ಇಟ್ಟಿದ್ದವರಲ್ಲಿ ಬೆಂಗಳೂರಿನ ಸ್ಟಾರ್ಟಪ್‌ಗಳೂ ಇದ್ದವು. ಸೋಮವಾರದ ಹೊತ್ತಿಗೆ ಠೇವಣಿದಾರರಿಗೆ ಪೂರ್ತಿ ಹಣ ತೆರೆದುಕೊಂಡಿತು. ಬಸವನಗುಡಿಯವರಿಗೆ ವಿಮೆಯ ಹಣ ಬರುವ ದಾರಿ ತೆರೆಯುವುದಕ್ಕೆ ಇಪ್ಪತ್ತೆರಡು ತಿಂಗಳ ಮೇಲಾಯಿತು. ಪಿಂಚಣಿಯ ಗಂಟನ್ನು ಇಟ್ಟವರಿಗೆ ಎಷ್ಟು ವಾಪಸ್ ಬರುತ್ತದೆ ಎಂಬುದರಷ್ಟೇ ಮುಖ್ಯವಾದದ್ದು ಯಾವಾಗ ಬರುತ್ತದೆ ಎಂಬುದು. ಔಷಧಿ ಅಂಗಡಿಯವನು ಇಪ್ಪತ್ತೆರಡು ತಿಂಗಳು ಕಾಯುವುದಿಲ್ಲ.

ಬ್ಯಾಂಕು ಎರಡು ರೀತಿಯಲ್ಲಿ ಬೀಳುತ್ತದೆ. ಆಸ್ತಿ ಗಟ್ಟಿಯಾಗಿದ್ದೂ ಇವತ್ತು ಕೊಡಲು ನಗದು ಇಲ್ಲದಿರುವುದು ಒಂದು. ಕೊಟ್ಟ ಸಾಲವೇ ಮುಳುಗಿ, ಇರುವುದನ್ನೆಲ್ಲ ಮಾರಿದರೂ ಠೇವಣಿ ತೀರದಿರುವುದು ಇನ್ನೊಂದು. ಎರಡನೆಯದೇ ನಿಜವಾದ ದಿವಾಳಿ. ತೊಂದರೆ ಏನೆಂದರೆ ಮೊದಲನೆಯದು ಕೆಲವೇ ದಿನಗಳಲ್ಲಿ ಎರಡನೆಯದಾಗಬಹುದು. ನಗದಿಗಾಗಿ ಆಸ್ತಿಯನ್ನು ಸಿಕ್ಕ ಬೆಲೆಗೆ ಮಾರಿದರೆ ಆ ನಷ್ಟ ಬಂಡವಾಳವನ್ನು ತಿನ್ನುತ್ತದೆ. ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಆದದ್ದು ಇದೇ: ದೀರ್ಘಾವಧಿ ಬಾಂಡುಗಳನ್ನು ಕೊಂಡಿಟ್ಟಿತ್ತು, ಬಡ್ಡಿ ದರ ಏರಿದಾಗ ಅವುಗಳ ಬೆಲೆ ಇಳಿಯಿತು, ಮುಚ್ಚುವ ಹಿಂದಿನ ದಿನ ಒಂದರಲ್ಲೇ ಗ್ರಾಹಕರು 4,200 ಕೋಟಿ ಡಾಲರ್ ಹಿಂತೆಗೆಯಲು ಮುಂದಾದರು.

2008ರಲ್ಲಿ ಇದು ಜಗತ್ತಿನ ಮಟ್ಟದಲ್ಲಿ ನಡೆಯಿತು. ಅಮೆರಿಕದ ಲೇಹ್ಮನ್ ಬ್ರದರ್ಸ್ ಸಾಮಾನ್ಯರ ಉಳಿತಾಯ ಖಾತೆ ನಡೆಸುವ ಬ್ಯಾಂಕಾಗಿರಲಿಲ್ಲ. ಮಾರುಕಟ್ಟೆಯಲ್ಲಿ ಅಲ್ಪಾವಧಿ ಸಾಲ ಎತ್ತಿ, ಅದರಲ್ಲಿ ಒಂದು ಪಾಲು ಒಂದೇ ರಾತ್ರಿಯ ಸಾಲ, ಗೃಹಸಾಲ ಆಧಾರದ ಪತ್ರಗಳನ್ನು ಹಿಡಿದುಕೊಂಡಿತ್ತು. ಸ್ವಂತ ಬಂಡವಾಳ 1 ರೂಪಾಯಿಗೆ ಸುಮಾರು 30 ರೂಪಾಯಿಯ ಆಸ್ತಿ. ಈ ಲೆಕ್ಕದಲ್ಲಿ ಆಸ್ತಿಯ ಬೆಲೆ ನೂರಕ್ಕೆ ಮೂರೂವರೆ ಇಳಿದರೆ ಬಂಡವಾಳ ಸೊನ್ನೆ. ಸೆಪ್ಟೆಂಬರ್ 15ರಂದು ಅದು ದಿವಾಳಿ ಅರ್ಜಿ ಹಾಕಿತು. ಹತ್ತು ದಿನದ ಬಳಿಕ ವಾಷಿಂಗ್ಟನ್ ಮ್ಯೂಚುವಲ್ ಬಿತ್ತು. ಅದು ಠೇವಣಿ ಬ್ಯಾಂಕು, 30,700 ಕೋಟಿ ಡಾಲರ್ ಆಸ್ತಿಯದು, ಆ ದೇಶದಲ್ಲಿ ಬಿದ್ದವುಗಳಲ್ಲೇ ಅತಿ ದೊಡ್ಡದು. ಆದರೆ ಅಲ್ಲಿನ ಠೇವಣಿ ವಿಮಾ ಸಂಸ್ಥೆ ಅದನ್ನು ರಾತ್ರೋರಾತ್ರಿ ಜೆಪಿ ಮಾರ್ಗನ್‌ಗೆ ದಾಟಿಸಿತು. ಮರುದಿನ ಶಾಖೆಗಳು ಎಂದಿನಂತೆ ತೆರೆದವು. ಲೇಹ್ಮನ್‌ಗೆ ಸಾಲ ಕೊಟ್ಟವರು ಮಾತ್ರ ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದರು. ಬಿದ್ದ ಬ್ಯಾಂಕನ್ನು ಕೋರ್ಟಿಗೆ ಬಿಡದೆ ವಾರಾಂತ್ಯದಲ್ಲೇ ಇನ್ನೊಬ್ಬರ ಕೈಗೆ ಕೊಡುವ ವ್ಯವಸ್ಥೆ ಮೊದಲೇ ಸಿದ್ಧವಿರಬೇಕು ಎಂಬ ಮಾತು ಅಲ್ಲಿಂದ ಬಲವಾಯಿತು.

ನಮ್ಮಲ್ಲಿ ಆ ವರ್ಷ ದೊಡ್ಡ ಬ್ಯಾಂಕು ಯಾವುದೂ ಬೀಳಲಿಲ್ಲ. ಐಸಿಐಸಿಐ ಬಗ್ಗೆ ಗಾಳಿಸುದ್ದಿ ಹಬ್ಬಿದಾಗ ಅದರ ಬಳಿ ಸಾಕಷ್ಟು ನಗದಿದೆ ಎಂದು ರಿಸರ್ವ್ ಬ್ಯಾಂಕೇ ಹೇಳಿಕೆ ಕೊಡಬೇಕಾಯಿತು. ಬ್ಯಾಂಕುಗಳು ಠೇವಣಿಯ ಶೇ. 9ರಷ್ಟನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕಿತ್ತು. ಅದನ್ನು 2009ರ ಜನವರಿಯೊಳಗೆ ಶೇ. 5ಕ್ಕೆ ಇಳಿಸಿದಾಗ ಅಷ್ಟು ಹಣ ಹೊರಗೆ ಹರಿಯಿತು. ಆದರೆ ಹೀಗೆ ಪಾರಾದದ್ದರಿಂದ ನಾವು ಮೈಮರೆತೆವು ಎಂದೇ ಹೇಳಬೇಕು. ನಮ್ಮ ದುರ್ಬಲ ಜಾಗ ವಾಲ್ ಸ್ಟ್ರೀಟ್ ನಂಟಿನಲ್ಲಿರಲಿಲ್ಲ, ಬಡಾವಣೆಯ ಸಹಕಾರಿ ಬ್ಯಾಂಕುಗಳಲ್ಲಿತ್ತು.

ಠೇವಣಿ ವಿಮೆಯಲ್ಲಿ ಭಾರತ ಮುಂಚೂಣಿಯಲ್ಲಿತ್ತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ 1962ರ ಜನವರಿ 1ರಿಂದ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ವಿಮೆ ಬಂತು. 1993ರಲ್ಲಿ ಮಿತಿ 1 ಲಕ್ಷವಾಯಿತು. ಆಮೇಲೆ ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 5 ಲಕ್ಷಕ್ಕೆ ಏರಿದ್ದು 2020ರ ಫೆಬ್ರವರಿ 4ರಂದು, ಬಸವನಗುಡಿಯ ನಿರ್ಬಂಧ ಜಾರಿಯಾದ 25 ದಿನಕ್ಕೆ. ಆದರೂ ಹಣ ಬರಲಿಲ್ಲ. ಲೈಸೆನ್ಸ್ ರದ್ದಾಗಿ, ಆಸ್ತಿ ಮಾರಿ ಲೆಕ್ಕ ತೀರಿಸಲು ನೇಮಕವಾದ ಲಿಕ್ವಿಡೇಟರ್ ಠೇವಣಿದಾರರ ಪಟ್ಟಿ ಕಳಿಸಿದರೆ, ಇಲ್ಲವೇ ವಿಲೀನವಾದರೆ ಮಾತ್ರ ವಿಮೆ ಪಾವತಿ ಎಂಬುದು ಹಳೆಯ ನಿಯಮ. ನಿರ್ಬಂಧದಲ್ಲಿರುವ ಬ್ಯಾಂಕು ಅತ್ತ ಸತ್ತಿಲ್ಲ, ಇತ್ತ ಬದುಕಿಲ್ಲ. ನಿರ್ಬಂಧವನ್ನು ಮತ್ತೆ ಮತ್ತೆ ಮುಂದುವರಿಸುತ್ತ ಹೋಗಬಹುದಿತ್ತು.

ಬೀಳುವುದೇಕೆ? ಸಹಕಾರಿ ಬ್ಯಾಂಕುಗಳಲ್ಲಿ ಕಾರಣ ಬಹುಪಾಲು ಒಂದೇ: ಕೆಲವೇ ಕೈಗಳಿಗೆ ಹೋದ ಸಾಲ. ಮುಂಬೈಯ ಪಿಎಂಸಿ ಬ್ಯಾಂಕಿನಲ್ಲಿ ಒಟ್ಟು ಸಾಲದ ಶೇ. 70ಕ್ಕೂ ಹೆಚ್ಚು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು. ಮುಚ್ಚಿಡಲು ಇಪ್ಪತ್ತೊಂದು ಸಾವಿರ ನಕಲಿ ಸಾಲಖಾತೆ ಸೃಷ್ಟಿಸಿದ್ದರು. ಹಳೆಯ ಸಾಲ ತೀರಿಸಲೆಂದೇ ಹೊಸ ಸಾಲ ಕೊಟ್ಟರೆ ಪುಸ್ತಕದಲ್ಲಿ ವಸೂಲಾಗದ ಸಾಲ ಕಾಣುವುದೇ ಇಲ್ಲ. ಮೇಲುಸ್ತುವಾರಿಯೂ ಎರಡು ಪಾಲಾಗಿತ್ತು: ಬ್ಯಾಂಕಿಂಗ್ ರಿಸರ್ವ್ ಬ್ಯಾಂಕಿಗೆ, ಆಡಳಿತ ಮಂಡಳಿ ರಾಜ್ಯದ ಸಹಕಾರ ಸಂಘಗಳ ರಿಜಿಸ್ಟ್ರಾರ್‌ಗೆ. 2020ರ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿ ರಿಸರ್ವ್ ಬ್ಯಾಂಕಿನ ಕೈಯನ್ನು ಬಲಪಡಿಸಿತು.

2021ರ ಸೆಪ್ಟೆಂಬರ್ 1ರಿಂದ ಠೇವಣಿ ವಿಮಾ ಕಾಯ್ದೆಗೆ 18ಎ ಕಲಂ ಸೇರಿತು. ಈಗ ನಿರ್ಬಂಧ ಬಿದ್ದ ದಿನದಿಂದಲೇ ಎಣಿಕೆ: ಬ್ಯಾಂಕು 45 ದಿನದೊಳಗೆ ಠೇವಣಿದಾರರ ಪಟ್ಟಿ ಕೊಡಬೇಕು, ಮುಂದಿನ 30 ದಿನದಲ್ಲಿ ಠೇವಣಿ ವಿಮಾ ನಿಗಮ ಪರಿಶೀಲಿಸಬೇಕು, ಆಮೇಲಿನ 15 ದಿನದಲ್ಲಿ ಪಾವತಿ. ಒಟ್ಟು 90. ಹಳೆಯ ನಿರ್ಬಂಧದಲ್ಲಿದ್ದ 21 ಬ್ಯಾಂಕುಗಳ ಮೊದಲ ಪಟ್ಟಿಯಲ್ಲಿ ಬಸವನಗುಡಿಯ ಬ್ಯಾಂಕೂ ಇತ್ತು. ಠೇವಣಿದಾರ ತಾನಾಗಿ ಮಾಡಬೇಕಾದದ್ದು ಹಣ ಬೇಕೆಂಬ ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಮತ್ತು ಬೇರೆ ಬ್ಯಾಂಕಿನ ಖಾತೆಯ ವಿವರ ಕೊಡುವುದು. ದಾಖಲೆಯಲ್ಲಿ ಹೆಸರು ಹೊಂದದಿದ್ದರೆ, ಖಾತೆದಾರ ತೀರಿಕೊಂಡು ನಾಮಿನಿ ಇಲ್ಲದಿದ್ದರೆ ಅಲ್ಲಿಗೇ ಕಡತ ನಿಲ್ಲುತ್ತದೆ.

ಲೆಕ್ಕದಲ್ಲಿ ಜನ ಎಡವುವ ಜಾಗಗಳಿವೆ. 5 ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ. 4,90,000 ಠೇವಣಿಗೆ 30,000 ಬಡ್ಡಿ ಸೇರಿದ್ದರೆ 20,000 ಹೊರಗೆ. ಒಂದೇ ಬ್ಯಾಂಕಿನ ಜಯನಗರ ಶಾಖೆ, ಮಲ್ಲೇಶ್ವರ ಶಾಖೆ ಎಂದು ಹಂಚಿಟ್ಟರೆ ಪ್ರಯೋಜನವಿಲ್ಲ, ಎಲ್ಲ ಕೂಡಿಸುತ್ತಾರೆ. ಬೇರೆ ಬ್ಯಾಂಕಿನಲ್ಲಿಟ್ಟರೆ ಬೇರೆ ಮಿತಿ. ಗಂಡ ಹೆಂಡತಿಯ ಜಂಟಿ ಖಾತೆಗೆ ಅವರವರ ಸ್ವಂತ ಖಾತೆಯಿಂದ ಪ್ರತ್ಯೇಕವಾದ ಮಿತಿಯಿದೆ. ಆ ಬ್ಯಾಂಕಿನಲ್ಲಿ ನಿಮ್ಮ ಸಾಲವಿದ್ದರೆ ಮೊದಲು ಅದು ಕಳೆಯುತ್ತದೆ.

ಬೆಂಗಳೂರಿನವರು ಗಮನಿಸಬೇಕಾದದ್ದು ಬೋರ್ಡಿನ ಮೇಲಿನ ಹೆಸರು. ಪತ್ತಿನ ಸಹಕಾರ ಸಂಘ, ಕ್ರೆಡಿಟ್ ಸೌಹಾರ್ದ ಸಹಕಾರಿ ಇವು ಬ್ಯಾಂಕುಗಳಲ್ಲ. ಸೌಹಾರ್ದಗಳು 1997ರ ಕರ್ನಾಟಕ ಕಾಯ್ದೆಯಡಿ ನಡೆಯುತ್ತವೆ, ಪಾಸ್‌ಬುಕ್ಕು, ಕೌಂಟರು, ಎಫ್‌ಡಿ ರಸೀದಿ ಎಲ್ಲವೂ ಬ್ಯಾಂಕಿನಂತೆಯೇ. ಬಡ್ಡಿ ಒಂದೆರಡು ಪರ್ಸೆಂಟ್ ಹೆಚ್ಚೂ ಸಿಗಬಹುದು. ಆದರೆ ಠೇವಣಿ ವಿಮೆ ಒಂದು ರೂಪಾಯಿಗೂ ಇಲ್ಲ, 90 ದಿನದ ಎಣಿಕೆಯೂ ಇಲ್ಲ.

5 ಲಕ್ಷ ಮೀರಿದ ಠೇವಣಿಯ ಪಾಡು ಇನ್ನೂ ಬಗೆಹರಿದಿಲ್ಲ. ಬ್ಯಾಂಕುಗಳಿಗೆ 2016ರ ದಿವಾಳಿ ಸಂಹಿತೆ ಅನ್ವಯಿಸುವುದಿಲ್ಲ; ಅವಕ್ಕೆಂದೇ ತಂದ 2017ರ ಮಸೂದೆ, ನಷ್ಟ ತುಂಬಲು ಠೇವಣಿಗೇ ಕೈಹಾಕಬಹುದೆಂಬ ಭಯ ಎದ್ದು, ಮರುವರ್ಷ ವಾಪಸಾಯಿತು. ಬೇರೆ ಬ್ಯಾಂಕು ಕೈಹಿಡಿದರೆ ಹಣ ಬೇಗ ಬರುತ್ತದೆ: 2020ರ ನವೆಂಬರ್ 17ರಂದು ನಿರ್ಬಂಧಕ್ಕೊಳಗಾದ ಲಕ್ಷ್ಮಿ ವಿಲಾಸ್ ಬ್ಯಾಂಕ್ ಹತ್ತೇ ದಿನಕ್ಕೆ ಡಿಬಿಎಸ್ ಇಂಡಿಯಾ ಸೇರಿತು, ಠೇವಣಿದಾರರು ಏನೂ ಕಳೆದುಕೊಳ್ಳಲಿಲ್ಲ. ಪಿಎಂಸಿಯನ್ನೂ 2022ರ ಜನವರಿ 25ರಂದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿಸಿದರು. ಆದರೆ ಅಲ್ಲಿ ದೊಡ್ಡ ಠೇವಣಿಗಳನ್ನು ಕಂತುಗಳಲ್ಲಿ ಕೊಡುವುದೆಂದು ಬರೆದರು, ಕೊನೆಯ ಕಂತು ಹತ್ತು ವರ್ಷದ ಕೊನೆಗೆ.