ಜೇನು ತೆಗೆಯುವಾಗ ರಾಯಲ್ ಜೆಲ್ಲಿ ಸಿಗುವುದಿಲ್ಲ

"ಜೇನು ತೆಗೆಯುವಾಗ ಹೇಳಿ, ಅರ್ಧ ಕೆಜಿ ರಾಯಲ್ ಜೆಲ್ಲಿನೂ ಎತ್ತಿಡಿ." ಪ್ರತಿ ವರ್ಷ ಈ ಫೋನ್ ಬಂದೇ ಬರುತ್ತದೆ.

ಜೇನುತುಪ್ಪ ನೊಣಗಳು ಕೂಡಿಟ್ಟ ದಾಸ್ತಾನು. ಜೆಲ್ಲಿ ದಾಸ್ತಾನಲ್ಲ. ಮರಿ ಸಾಕುವ ಎಳೆ ನೊಣಗಳ ತಲೆಯಲ್ಲಿರುವ ಗ್ರಂಥಿಗಳಿಂದ ಒಸರುವ ರಸ ಅದು. ಎರಿಯಲ್ಲಿ ಜೆಲ್ಲಿ ಹುಡುಕುವುದು, ಹಾಲು ಎಲ್ಲಿಟ್ಟಿದ್ದೀಯ ಎಂದು ಎಮ್ಮೆಯನ್ನು ಕೇಳಿದ ಹಾಗೆ. ಹೊಸ ರಾಣಿ ಬೆಳೆಯುವ ರಾಣಿ ಕೋಶದಲ್ಲಿ ಮಾತ್ರ ಅದು ತುಸು ನಿಲ್ಲುತ್ತದೆ, ಮರಿ ಅದರಲ್ಲೇ ತೇಲುತ್ತಾ ತಿನ್ನುತ್ತದೆ.

ಹಾಗಾಗಿ ನಾವು ನೊಣಗಳಿಗೆ ಮೋಸ ಮಾಡುತ್ತೇವೆ. ನೊಣ ತುಂಬಿರುವ ಮೆಲ್ಲಿಫೆರಾ (ಯುರೋಪಿನ ಜೇನುನೊಣ) ಪೆಟ್ಟಿಗೆಯಲ್ಲಿ ರಾಣಿಯನ್ನು ಜಾಲರಿಯ ಆಚೆ ಇಡುತ್ತೇವೆ. ಮರದ ಪಟ್ಟಿಗೆ ರಾಣಿ ಕೋಶದಂಥ ಪುಟ್ಟ ಬಟ್ಟಲು ಅಂಟಿಸಿ, ಒಂದೊಂದಕ್ಕೂ ಮೊಟ್ಟೆಯೊಡೆದು ಒಂದು ದಿನವೂ ಆಗದ ಮರಿಯನ್ನು ಸೂಜಿಯಿಂದ ದಾಟಿಸುತ್ತೇವೆ. ಕನ್ನಡಕ ಇಲ್ಲದೆ ಈಗ ನನ್ನ ಕೈಲಿ ಆಗುವುದಿಲ್ಲ. ನಮಗೆ ರಾಣಿ ಇಲ್ಲ ಎಂದುಕೊಂಡ ನೊಣಗಳು ಬಟ್ಟಲಿಗೆ ಜೆಲ್ಲಿ ಸುರಿಯುತ್ತವೆ. ಮೂರನೇ ದಿನ, ಹೆಚ್ಚುಕಡಿಮೆ 72 ಗಂಟೆಗೆ, ತೆಗೆಯಲೇಬೇಕು. ತಡವಾದರೆ ಮರಿಯೇ ತಿಂದು ಮುಗಿಸುತ್ತದೆ. ಬಟ್ಟಲಿನ ಮೇಣದ ಅಂಚು ಕೊಯ್ದು, ಮರಿಯನ್ನು ಚಿಮುಟದಿಂದ ತೆಗೆದು ಎಸೆದು, ಉಳಿದದ್ದನ್ನು ಕೆರೆಯುವುದು.

ಒಂದು ಬಟ್ಟಲಿಗೆ ಸಿಗುವುದು ಸುಮಾರು ಕಾಲು ಗ್ರಾಂ. ನಿಮ್ಮ ಅರ್ಧ ಕೆಜಿಗೆ ಎರಡು ಸಾವಿರ ಬಟ್ಟಲು ಬೇಕು, ಎರಡು ಸಾವಿರ ಮರಿಗಳೂ ಹೋದವು. ಚೀನಾದಲ್ಲಿ ಇದನ್ನೇ ದೊಡ್ಡ ದಂಧೆಯಾಗಿ ಮಾಡುತ್ತಾರೆ, ಜಗತ್ತಿನ ಬಹುಪಾಲು ಅಲ್ಲಿಯದೇ. ನಮ್ಮ ನಾಡಿನ ತುಡುವೆ ಜೇನಿನಲ್ಲಿ ಕುಟುಂಬ ಚಿಕ್ಕದು, ಜಾಸ್ತಿ ಕೆದಕಿದರೆ ಪೆಟ್ಟಿಗೆ ಬಿಟ್ಟು ಎದ್ದೇ ಹೋಗುತ್ತವೆ. ತುಡುವೆಯಿಂದ ಜೆಲ್ಲಿ ತೆಗೆಯಲು ನಾನಂತೂ ಕೈ ಹಾಕುವುದಿಲ್ಲ.

ತೆಗೆದ ಕೂಡಲೇ ತಂಪಿನಲ್ಲಿಡಬೇಕು. ಬಿಸಿಲಿನ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದರೆ ನಾನು ಕೊಳ್ಳಲಾರೆ. ಅಸ್ತಮಾ, ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಬಾಯಿಗಿಡಬೇಡಿ. ಉಸಿರು ಕಟ್ಟುವಷ್ಟು ತೊಂದರೆಯಾದ ಪ್ರಕರಣಗಳಿವೆ. ಯಾವ ಕಾಯಿಲೆಗೆ ಒಳ್ಳೆಯದು ಎಂದು ಮಾತ್ರ ನನ್ನನ್ನು ಕೇಳಬೇಡಿ, ನಾನು ನೊಣ ಸಾಕುವವನು.

ನಮ್ಮೂರಿನ ಮೇಷ್ಟ್ರೊಬ್ಬರು ಬಿಡದೆ ಕಾಡಿದ್ದಕ್ಕೆ ಒಮ್ಮೆ ಕಡ್ಡಿಯ ತುದಿಯಲ್ಲಿ ಕೊಟ್ಟೆ. ಸಿಹಿ ಇರುತ್ತದೆ ಅಂದುಕೊಂಡಿದ್ದರು ಪಾಪ. ಹುಳಿ, ಒಗರು, ನಾಲಿಗೆ ಚುರುಚುರು. ಅಡಿಕೆ ಮರದ ಬುಡಕ್ಕೆ ಉಗಿದು, "ಇದು ಕೆಟ್ಟಿದೆ ಕಣಯ್ಯಾ" ಅಂದರು. ಜೇನುತುಪ್ಪದ ಬಾಟಲಿ ಮಾತ್ರ ಮರೆಯದೆ ಒಯ್ದರು.